ತೇಲಿದ ಹಿತ್ತಾಳೆ

ಪಿನ್ನಿಗೆ ಹೋದ ಮಾನ ಎಂಜಿನ್ ಕೊಟ್ಟರೂ ಬಾರದು. ಗಾದೆಯೊಳಗಿದ್ದ ಅಡಿಕೆಯೂ ಆನೆಯೂ ಕಳವಾಗಿವೆ ಎಂದು ದೂರು ಕೊಡುವವರು ಧಾರಾಳವಾಗಿ ಕೊಡಬಹುದು. ಪಾಂಟ್ ಹೆಲಿಗ್ ಕಣಿವೆಯ ಪೊಲೀಸ್ ಠಾಣೆ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಕತೆ ಮಾತ್ರ ನಡೆದದ್ದೇ. ನಡೆದ ಹಾಗೆಯೇ ಇಲ್ಲಿದೆ.

ಮೇ 14, 2019, ಮಂಗಳವಾರ, ಬೆಳಿಗ್ಗೆ 9.10. ಬ್ರಿನ್‌ಮೋರ್ ರಾಸರ್ ಎಂಬ ನಿವೃತ್ತ ಭೂಗೋಳದ ಮೇಷ್ಟ್ರು, ಹತ್ತು ನಿಮಿಷ ಮುಚ್ಚಿದ ಬಾಗಿಲನ್ನು ಬಯ್ದು, ತೆರೆದ ಮೇಲೆ ಒಳಗೆ ಬಂದು ದೂರು ಬರೆಸಿದರು. ಕಳವಾದ ವಸ್ತು: ಹೆಬ್ಬೆರಳು ಗಾತ್ರದ, ಮುರಿದ, ಹಿತ್ತಾಳೆಯ ಅರ್ಧ ಪಿನ್ನು. ಸ್ಥಳ: ಹಳೆಯ ಪುಟ್ಟ ರೈಲನ್ನು ಉಳಿಸಿಕೊಳ್ಳುವವರ ಸಂಘದ ರಿಪೇರಿ ಶೆಡ್ಡು, ಇಪ್ಪತ್ಮೂರನೇ ನಂಬರಿನ ವ್ಯಾಗನ್ನಿನ ಬ್ರೇಕು.

ಬರೆದುಕೊಳ್ಳುತ್ತಿದ್ದ ಕಾನ್ಸ್‌ಟೇಬಲ್ ಟೂಡರ್ ತಲೆ ಎತ್ತಿ, ಪೂರ್ತಿ ವ್ಯಾಗನ್ನೇ ಹೋಗಿದ್ದರೆ ಹುಡುಕುವುದು ಸುಲಭವಿತ್ತಲ್ಲ ಎಂದ. ಮೇಷ್ಟ್ರು ನಗಲಿಲ್ಲ. ಇನ್ಸ್‌ಪೆಕ್ಟರ್ ನೆರಿಸ್ ಪ್ರಿಚರ್ಡ್ ಕೂಡ ನಗಲಿಲ್ಲ. ಅವಳು ಆ ಕಣಿವೆಯಲ್ಲೇ ಹುಟ್ಟಿದವಳು. ಇಪ್ಪತ್ಮೂರು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಗುಡ್ಡದ ಹೊಟ್ಟೆಯೊಳಗೆ ನೌಕಾಪಡೆ ಐವತ್ತು ವರ್ಷ ಮದ್ದುಗುಂಡು ತುಂಬಿಟ್ಟಿತ್ತು. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ವ್ಯಾಗನ್ನುಗಳು ಅವನ್ನು ಸುರಂಗದಿಂದ ಸುರಂಗಕ್ಕೆ ಹೊರುತ್ತಿದ್ದವು. 1961ರ ನವೆಂಬರ್ 9ರಂದು ಇಳಿಜಾರಿನಲ್ಲಿ ನಿಲ್ಲಿಸಿದ್ದ ಇಪ್ಪತ್ಮೂರು ತಾನಾಗಿ ಉರುಳಿ ಇಬ್ಬರನ್ನು ಸುರಂಗದ ಗೋಡೆಗೆ ಒತ್ತಿ ಕೊಂದಿತು. ಮದ್ದು ಸಿಡಿಯಲಿಲ್ಲ, ಸಿಡಿದದ್ದು ಊರು. ಬ್ರೇಕು ಬಿಗಿಯುವ ಕೆಲಸ ಗ್ರಿಫ್ ಪ್ರೋಬರ್ಟ್‌ನದು. ಬಿಗಿದಿದ್ದೆ ಎಂದ. ಬ್ರೇಕಿನ ಹಿಡಿ ಸಡಿಲವಾಗಿ ನೇತಾಡುತ್ತಿತ್ತು. ಬಿಗಿದಿಲ್ಲ ಎಂದು ವಿಚಾರಣಾ ಸಮಿತಿ ಬರೆಯಿತು. ಸಮಿತಿಗೆ ಹಿತ್ತಾಳೆಯ ಕಿವಿ ಇತ್ತು, ಹಿತ್ತಾಳೆ ಕಾಣುವ ಕಣ್ಣಿರಲಿಲ್ಲ. ಹಳಿ ಕಾಯುತ್ತಿದ್ದವನನ್ನು ಊರೇ ಹಳಿಯಿತು. ಗ್ರಿಫ್ ಇನ್ನೂ ಹದಿನೆಂಟು ವರ್ಷ ಬದುಕಿದ. ಪ್ರಾರ್ಥನೆಯ ಹೊತ್ತು ಚಾಪೆಲ್ಲಿನಲ್ಲಿ ಅವನು ಕೂತ ಬೆಂಚಿನ ಮೇಲೆ ಹೆಂಡತಿ ಮಗಳನ್ನು ಬಿಟ್ಟು ಬೇರೆ ಯಾರೂ ಕೂರಲಿಲ್ಲ.

ಸಾವು ಕಂಡ ವ್ಯಾಗನ್ನನ್ನು ಕೆಲಸಗಾರರು ಮತ್ತೆ ಮುಟ್ಟಲಿಲ್ಲ. ಅದು ಒಬ್ಬ ರೈತನ ಪಾಲಾಗಿ ನಲವತ್ತು ವರ್ಷ ಕೋಳಿಗೂಡಾಗಿತ್ತು. ಸಂಘದವರು ಅದನ್ನು ತುರಿಕೆಗಿಡಗಳ ಮಧ್ಯದಿಂದ ಎಳೆದು ತಂದು, ಹಿಕ್ಕೆ ಕೆರೆದು, ಹಲಗೆ ಬದಲಿಸಿ, ಬೂದುಬಣ್ಣ ಹೊಡೆದರು. ಆಗಲೇ ಬ್ರೇಕಿನ ತೂತಿನಲ್ಲಿ, ಕಲ್ಲಾಗಿದ್ದ ಗ್ರೀಸಿನ ಅಡಿಯಲ್ಲಿ, ಆ ಅರ್ಧ ಪಿನ್ನು ಕಂಡಿತು. ಹಿಡಿಯನ್ನು ಬ್ರೇಕಿಗೆ ಜೋಡಿಸಲು ಅಲ್ಲಿ ಇರಬೇಕಾದದ್ದು ಉಕ್ಕು. ಹಿತ್ತಾಳೆ ಆ ಭಾರ ತಾಳುವುದಿಲ್ಲ. ಬ್ರೇಕು ಬಿಗಿದಷ್ಟೂ ಅದು ಮುರಿಯುತ್ತದೆ. ಅಂದರೆ ಗ್ರಿಫ್ ಬಿಗಿದಿದ್ದ. ಅವನ ಮಗಳು ಎಲ್ಯುನೆಡ್‌ಗೆ ಈಗ ಅರವತ್ತಾರು; ಸಂಘದ ಮರಗೆಲಸವೆಲ್ಲ ಅವಳದೇ. ಗುರುವಾರ ಲೋಹ ಪರೀಕ್ಷಕರು ಬಂದು, ಪಿನ್ನು ತೂತಿನಲ್ಲೇ ಇರುವಾಗ ನೋಡಿ ವರದಿ ಬರೆದರೆ, ಅಪ್ಪನ ಹೆಸರಿನ ಮೇಲಿನ ಮಸಿ ಒರೆಸಲು ಅವಳು ಅರ್ಜಿ ಹಾಕುವವಳಿದ್ದಳು.

ಈಗ ತೂತು ಖಾಲಿ.

10.05ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ. ಸೋಮವಾರ ಮಧ್ಯಾಹ್ನ ಎರಡಕ್ಕೆ ಪಿನ್ನು ಇತ್ತು ಎಂದು ಮೇಷ್ಟ್ರು ಆಣೆಯಿಟ್ಟರು. ದಿನಕ್ಕೆ ಮೂರು ಸಲ ಅದಕ್ಕೆ ನಮಸ್ಕಾರ ಹೇಳುವುದು ಅವರ ರೂಢಿ, ಬೇರೆಯವರು ಉಸಿರು ಬಿಟ್ಟರೂ ಗದರುವುದು ಇನ್ನೊಂದು ರೂಢಿ. ಮೂರೂವರೆಯಿಂದ ನಾಲ್ಕರವರೆಗೆ ಎಲ್ಲರೂ ಹೊರಗೆ ಬಿಸಿಲಲ್ಲಿ ಚಹಾ ಕುಡಿಯುತ್ತಿದ್ದರು. ಆಗ ಶೆಡ್ಡು ತೆರೆದೇ ಇತ್ತು.

ವ್ಯಾಗನ್ನಿನ ಸುತ್ತ ಎಣ್ಣೆ ಹೀರಲೆಂದು ನುಣ್ಣನೆಯ ಮರದ ಪುಡಿ ಎರಚಿದ್ದರು. ಅದರ ನಡುವೆ, ಹಳೆಯ ಮದ್ದಿನ ಉಗ್ರಾಣದಲ್ಲಿ ಇರುತ್ತಿದ್ದಂತೆಯೇ ಇರಲೆಂದು, ಒಂದು ಕೆಂಪು ಹಲಗೆಯನ್ನು ನೆಲಕ್ಕೆ ಅಡ್ಡ ಹಾಕಿದ್ದರು. ಹಲಗೆಯ ಆಚೆ ಪಕ್ಕಪಕ್ಕದಲ್ಲಿ ಜೋಡಿಸಿಟ್ಟಂತೆ ಎರಡು ಶೂಗಳ ಗುರುತು. ಹಲಗೆಯ ಈಚೆ, ವ್ಯಾಗನ್ನಿನವರೆಗೆ ಹೋಗಿ ಹಿಂದಿರುಗಿದ ಹೆಜ್ಜೆಗಳು. ಅವು ಶೂಗಳವಲ್ಲ, ಬರೀ ಕಾಲುಚೀಲದವು.

“ಕಳ್ಳ ಗುಡಿಗೆ ಬಂದವನ ಹಾಗೆ ಚಪ್ಪಲಿ ಬಿಟ್ಟು ಹೋಗವ್ನೆ ಮೇಡಂ,” ಎಂದ ಟೂಡರ್.

ಸದ್ದಾಗದಿರಲಿ ಎಂದು ಬಿಚ್ಚಿರಬಹುದೆ ಎಂದು ನೆರಿಸ್ ಯೋಚಿಸಿದಳು. ಮರದ ಪುಡಿಯ ಮೇಲೆ ಶೂ ಕೂಡ ಸದ್ದು ಮಾಡುವುದಿಲ್ಲ. ಅಳತೆ ತೆಗೆದು, ಫೋಟೊ ಹೊಡೆದು, ಅರ್ಥವಾಗದ್ದನ್ನು ಅರ್ಥವಾಗದ್ದು ಎಂದೇ ಬರೆಸಿದಳು. ಹಿಂದಿರುಗುವಾಗ ಕಾರಿನಲ್ಲಿ ಟೂಡರ್, ಮೇಷ್ಟ್ರು ಪಿನ್ನಿಗೆ ನಮಸ್ಕಾರ ಹೇಳುವುದನ್ನು ಅವರದೇ ಗಂಟಲಿನಲ್ಲಿ ಮಾಡಿ ತೋರಿಸಿದ. ಸಾಕು ಮಾಡು ಎಂದಳು. ಎರಡು ಮೈಲಿ ಕಳೆದ ಮೇಲೆ, ಇನ್ನೊಂದು ಸಲ ಮಾಡು ಎಂದಳು.

ಸಂಜೆ 4.30ಕ್ಕೆ ಎಲ್ಯುನೆಡ್‌ಳ ಹೇಳಿಕೆ ಪಡೆಯಲು ಅವಳ ಅಡುಗೆಮನೆಗೆ ಹೋದರು. ಎಲ್ಯುನೆಡ್ ಕುರ್ಚಿ ತೋರಿಸಿ, ಚಹಾಪುಡಿಯ ಡಬ್ಬಿ ತೆರೆದು, ಕಾಗದ ಬಿಚ್ಚಿ, ಮೇಜಿನ ಮೇಲೆ ಹಿತ್ತಾಳೆಯ ಅರ್ಧ ಪಿನ್ನನ್ನು ಇಟ್ಟಳು.

ಟೂಡರ್‌ನ ಪೆನ್ನು ನಿಂತಿತು.

ಎಲ್ಯುನೆಡ್ ಕುಚೇಷ್ಟೆಗೆ ಹೆಸರಾದವಳು. ಹೋದ ಕ್ರಿಸ್‌ಮಸ್ಸಿಗೆ ಮರದಲ್ಲಿ ಕಡುಬು ಕಡೆದು, ಬಣ್ಣ ಹಚ್ಚಿ, ಸಕ್ಕರೆ ಉದುರಿಸಿ ತಟ್ಟೆಯಲ್ಲಿಟ್ಟು ಮೇಷ್ಟ್ರ ಹಲ್ಲಿನ ತುದಿ ಹಾರಿಸಿದ್ದಳು. ಈ ಸಲ ಮೇಷ್ಟ್ರ ಕಾವಲು ಅತಿಯಾಯಿತು ಎಂದು ಭಾನುವಾರ ಒಂದು ಮರದ ಪಿನ್ನು ಕಡೆದು, ಹಿತ್ತಾಳೆಯ ಬಣ್ಣ ಬಳಿದು, ಗ್ರೀಸು ಮೆತ್ತಿ, ತೂತಿನಲ್ಲಿಟ್ಟು ನಿಜವಾದದ್ದನ್ನು ಮನೆಗೆ ತಂದಿದ್ದಳು. ಸೋಮವಾರ ಪೂರ್ತಿ ಮೇಷ್ಟ್ರು ನಮಸ್ಕಾರ ಹೇಳಿದ್ದು ಆ ಮರಕ್ಕೆ. ಮಂಗಳವಾರ ವಾಪಸು ಇಡುವುದೆಂದಿದ್ದಳು. ಅಷ್ಟರಲ್ಲಿ ಮರದ್ದನ್ನು ಯಾರೋ ಹೊತ್ತೊಯ್ದರು.

ಬರೀ ಕುಚೇಷ್ಟೆಗೆ ತಂದಿರಾ ಎಂದು ನೆರಿಸ್ ಕೇಳಿದಳು.

“ಇಲ್ಲ ಕಣಮ್ಮ. ಒಂದು ರಾತ್ರಿ ಆದ್ರೂ ಇದು ನಮ್ಮನೇಲಿರ್ಲಿ ಅನ್ನಿಸ್ತು. ಅಪ್ಪ ಊಟ ಮಾಡ್ತಿದ್ದ ಮೇಜು ಇದು.”

ನೆರಿಸ್ ಅಲ್ಲಿಂದಲೇ ಪರೀಕ್ಷಕರಿಗೆ ಫೋನ್ ಮಾಡಿದಳು. ಅವರ ಉತ್ತರ ಚುಟುಕಾಗಿತ್ತು. ತೂತಿನಲ್ಲಿದ್ದ ಪಿನ್ನು ಸಾಕ್ಷಿ. ಚಹಾ ಡಬ್ಬಿಯಲ್ಲಿದ್ದ ಪಿನ್ನು ಬರೀ ಪಿನ್ನು. ಅದೂ ಆರೋಪ ಹೊತ್ತವನ ಮಗಳ ಡಬ್ಬಿಯಲ್ಲಿ. ಅವಳೇ ಮಾಡಿಸಿ ಇಟ್ಟಳು ಎಂದರೆ ಅಲ್ಲ ಎನ್ನುವವರು ಯಾರು?

ನೆರಿಸ್ ಅದನ್ನು ಮೆತ್ತಗೆ ಹೇಳಲು ನೋಡಿದಳು. ಎಲ್ಯುನೆಡ್ ಪಿನ್ನನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ಸುತ್ತಿದ್ದನ್ನೇ ಮೂರು ಸಲ ಸುತ್ತಿದಳು.

“ಹಾಗಾದ್ರೆ ನಮ್ಮಪ್ಪನ ಕತ್ತನ್ನ ಎರಡನೇ ಸಲ ಕೊಯ್ದೋಳು ನಾನೇ.”

ಕದ್ದವನು ಸಿಗದ ಹೊರತು, ಎಂದಳು ನೆರಿಸ್. ಮುರಿದ ಪಿನ್ನಿಗೆ ಗುಜರಿಯವನೂ ಕೈಚಾಚುವುದಿಲ್ಲ. ಅದು ಏನೆಂದು ಬಲ್ಲವನು ಮಾತ್ರ ಅದನ್ನು ಕದ್ದಾನು. ಈಗ ಉಳಿದ ಸಾಕ್ಷಿ ಎಂದರೆ ಅವನ ಬಾಯಿ. ಮರದ ಪಿನ್ನಿನ ವಿಷಯ ಯಾರಿಗೂ, ಮೇಷ್ಟ್ರಿಗೂ, ಹೇಳಬೇಡಿ ಎಂದು ತಾಕೀತು ಮಾಡಿ ಎದ್ದಳು.

ಬುಧವಾರ ಬೆಳಿಗ್ಗೆ 10.20ಕ್ಕೆ ಇಬ್ಬರೂ ವೃದ್ಧರ ಆರೈಕೆ ಮನೆಯಲ್ಲಿ ಬ್ಲಾಡ್ವೆನ್ ಎಂಬ ತೊಂಬತ್ತೊಂದರ ಮುದುಕಿಯ ಎದುರು ಕೂತಿದ್ದರು. ಉಗ್ರಾಣದ ಗೇಟಿನಲ್ಲಿ ಕೆಲಸಗಾರರ ಜೇಬು ತಡಕಿ ಬೆಂಕಿಪೊಟ್ಟಣ ಕಿತ್ತುಕೊಳ್ಳುವುದು ಅವಳ ಕೆಲಸವಾಗಿತ್ತು. ಮೂವತ್ತು ವರ್ಷ ಕಣಿವೆಯ ಗಂಡಸರ ಜೇಬುಗಳೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ನೆರಿಸ್ ಕಾಲುಚೀಲದ ಹೆಜ್ಜೆಗಳ ಫೋಟೊ ತೋರಿಸಿದಳು.

“ಇದರಲ್ಲೇನಿದೆ ಚಿನ್ನ ಆಶ್ಚರ್ಯ? ಕೆಂಪು ಹಲಗೆ ದಾಟಬೇಕಾದ್ರೆ ಶೂ ಬಿಡ್ಲೇಬೇಕು. ಶೂ ಅಡಿ ಮೊಳೆ ಇರುತ್ತೆ, ಮೊಳೆ ನೆಲಕ್ಕೆ ತಾಗಿದ್ರೆ ಕಿಡಿ. ಬಿಡದೆ ಇದ್ದೋರನ್ನ ನಾನೇ ಕುತ್ತಿಗೆ ಹಿಡಿದು ನೂಕ್ತಿದ್ದೆ.”

“ಈಗಲೂ ಹಾಗೆ ಬಿಡೋರು ಯಾರಿದ್ದಾರೆ ಅಜ್ಜಿ?”

“ಉಗ್ರಾಣದೋರಲ್ಲಿ ಉಳಿದಿರೋದೇ ಇಬ್ರು. ನಾನು ಈ ಗಾಲಿ ಕುರ್ಚೀಲಿ. ಇನ್ನೊಬ್ಬ ಎಮ್ಲಿನ್.”

ಎಮ್ಲಿನ್ ಹೋವೆಲ್ ಉಗ್ರಾಣದಲ್ಲಿ ಫಿಟ್ಟರ್ ಆಗಿದ್ದವನು, ಈಗ ಎಂಬತ್ತಮೂರು. ಶೆಡ್ಡಿಗೆ ವಾರಕ್ಕೆರಡು ಸಲ ಸಲಹೆ ಹೇಳಲು, ಅದಕ್ಕಿಂತ ಹೆಚ್ಚಾಗಿ ಚಹಾಕ್ಕೆ, ಬರುತ್ತಿದ್ದ. ಸೋಮವಾರ ಚಹಾದ ಹೊತ್ತಿನಲ್ಲಿ ಯಾರು ಯಾರು ಎದ್ದುಹೋದರೆಂದು ಟೂಡರ್ ಮಾಡಿದ್ದ ಪಟ್ಟಿಯಲ್ಲಿ, ಅವನು ಟೋಪಿ ಮರೆತೆ ಎಂದು ಒಳಗೆ ಹೋಗಿಬಂದಿದ್ದೂ ಇತ್ತು. ಅವನ ಜೇಬಿನಲ್ಲಿ ಒಂದು ದಿನವೂ ಬೆಂಕಿಪೊಟ್ಟಣ ಸಿಕ್ಕಿರಲಿಲ್ಲ ಎಂದಳು ಬ್ಲಾಡ್ವೆನ್. ಕಿಡಿ ಎಂದರೆ ಅವನಿಗೆ ಪ್ರಾಣಭಯ. ಶೂದಾರದ ತುದಿಯ ತಗಡನ್ನೂ ಕತ್ತರಿಸಿ ಎಸೆದಿದ್ದ. ಗಂಡಸರೆಲ್ಲ ಅವನನ್ನು ಆಡಿಕೊಂಡು ನಗುತ್ತಿದ್ದರು, ತಾನೂ ನಕ್ಕಿದ್ದೆ ಎಂದು ಸೇರಿಸಿದಳು.

11.40. ಎಮ್ಲಿನ್ ತೋಟದಲ್ಲಿ ಈರುಳ್ಳಿ ಮಡಿಯ ಮುಂದೆ ಸುಮ್ಮನೆ ನಿಂತಿದ್ದ. ಗಡ್ಡ ಎರಡು ದಿನದ್ದು. ಪೊಲೀಸರನ್ನು ಕಂಡು ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಕರೆದ. ಮೇಜಿನ ಮೇಲೆ ತಿನ್ನದೆ ಬಿಟ್ಟ ರೊಟ್ಟಿ ಒಣಗಿತ್ತು. ಅವನು ಹೇಳುವುದೆಲ್ಲ ಸಾಕ್ಷ್ಯವಾಗಬಹುದು, ಏನೂ ಹೇಳದಿರುವ ಹಕ್ಕೂ ಇದೆ ಎಂದು ನೆರಿಸ್ ಮೊದಲೇ ತಿಳಿಸಿದಳು.

“ಸೋಮವಾರ ಶೆಡ್ಡಿನಲ್ಲಿ ಶೂ ಬಿಚ್ಚಿದ್ದು ನೀವೇನಾ?”

ಅವನು ತನ್ನ ಕಾಲುಗಳನ್ನೇ ಕೆಳಗೆ ನೋಡಿದ. “ಬಿಚ್ಚಿದ್ನಾ?” ಎಂದ. “ಗೊತ್ತೇ ಆಗ್ಲಿಲ್ಲ.”

“ಪಿನ್ನು ಎಲ್ಲಿ?”

“ಹೊಳೇಲಿ.”

“ಯಾರು ಹಾಕಿದ ಪಿನ್ನು ಅದು?”

“ನಾನು.”

ಮುಂದಿನದನ್ನು ಅವನು ತಡೆಯಿಲ್ಲದೆ ಹೇಳಿದ. ಉಕ್ಕಿನ ಪಿನ್ನು ಸವೆದು ಕಿರುಗುಟ್ಟುತ್ತಿತ್ತು. ಪಕ್ಕದಲ್ಲೇ ಮದ್ದು ತುಂಬಿದ ಪೆಟ್ಟಿಗೆಗಳು. ಎಲ್ಲಿ ಕಿಡಿ ಹಾರೀತೋ ಎಂದು ಹೆದರಿ, ಯಾರನ್ನೂ ಕೇಳದೆ ಹಿತ್ತಾಳೆಯದನ್ನು ಮಾಡಿ ಹಾಕಿದ. ಹಿತ್ತಾಳೆಗೆ ಕಿಡಿಯಿಲ್ಲ. ಹತ್ತು ದಿನಕ್ಕೆ ಅದು ಮುರಿಯಿತು. ಬ್ರೇಕು ಸರಿಯಿತ್ತೇ ಎಂದು ಸಮಿತಿ ಕೇಳಿದಾಗ ಸರಿಯಿತ್ತು ಎಂದ. ಆಗ ಅವನಿಗೆ ಇಪ್ಪತ್ತೈದು, ಮದುವೆ ನಿಶ್ಚಯವಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಐವತ್ತೆಂಟು ವರ್ಷವಾಯಿತು.

“ಎಸೆಯುವಾಗ ಭಾರ ಗೊತ್ತಾಗ್ಲಿಲ್ವಾ?” ನೆರಿಸ್ ಹುಷಾರಾಗಿ ಕೇಳಿದಳು.

ಅವನು ಬಿಳಿಚಿಕೊಂಡ ಬೆರಳುಗಳನ್ನು ಎತ್ತಿ ತೋರಿಸಿದ. ಅದುರುವ ಯಂತ್ರ ಹಿಡಿದು ಹಿಡಿದು ಅವುಗಳಿಗೆ ಸ್ಪರ್ಶವೇ ಇರಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ತಂದು ಸೇತುವೆಯಿಂದ ಕೊಡವಿದ್ದ.

“ಮುಳುಗ್ಲಿಲ್ಲ,” ಎಂದ. ದನಿ ಇಳಿದಿತ್ತು. “ಹಿತ್ತಾಳೆ ತೇಲ್ತು ಮೇಡಂ. ಕಣ್ಣಾರೆ ನೋಡಿದೆ. ನನ್ನನ್ನೇ ನೋಡ್ಕೊಂಡು ತೇಲ್ಕೊಂಡು ಹೋಯ್ತು. ಬೈಬಲ್ಲಿನಲ್ಲಿ ಹೊಳೆಗೆ ಬಿದ್ದ ಕಬ್ಬಿಣದ ಕೊಡಲಿ ದೇವರ ಮಹಿಮೆಯಿಂದ ತೇಲಿದ ಹಾಗೆ. ಮುಚ್ಚಿಡೋಕೆ ನಾನು ಬಿಡಲ್ಲ ಅಂತ ಆ ಮೇಲಿರೋನು ಹೇಳಿದ್ದು ಅಂತ ಗೊತ್ತಾಯ್ತು. ಆವಾಗಿಂದ ನಿಮ್ಮನ್ನೇ ಕಾಯ್ತಿದ್ದೆ.”

ಟೂಡರ್ ಕಿಟಕಿಯ ಕಡೆ ತಿರುಗಿ ಈರುಳ್ಳಿಯನ್ನು ಬಹಳ ಗಮನದಿಂದ ನೋಡಿದ. ಯಾರ ದನಿಯನ್ನಾದರೂ ಕದಿಯುವ ಅವನು ಈ ದನಿಯನ್ನು ಕದಿಯಲಿಲ್ಲ, ಆಮೇಲೂ. 12.15ಕ್ಕೆ ಕಳವಿನ ಆರೋಪದ ಮೇಲೆ ಎಮ್ಲಿನ್‌ನನ್ನು ಬಂಧಿಸಿದರು. ಅವನು ಗಡ್ಡ ಹೆರೆದುಕೊಂಡು, ಚಾಪೆಲ್ಲಿಗೆ ಹೋಗುವ ಕೋಟು ಹಾಕಿಕೊಂಡು ಬಂದ.

ವಕೀಲರ ಎದುರು ಹೇಳಿಕೆಗೆ ಸಹಿಯಾದಾಗ 2.30. ಕೇಸ್ ಡೈರಿಯಲ್ಲಿ ಕಾರಣ ಎಂಬ ಸಾಲಿನ ಮುಂದೆ ನೆರಿಸ್ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ಹೀಗೆ ಬರೆದಳು: ಆರೋಪಿ ಕಿಡಿಗೆ ಹೆದರಿ ತಪ್ಪು ಮಾಡಿದ್ದಾನೆ, ಊರಿಗೆ ಹೆದರಿ ಅದನ್ನು ಮುಚ್ಚಿಟ್ಟಿದ್ದಾನೆ.

ಎಲ್ಯುನೆಡ್‌ಳನ್ನು ಕರೆಸಿ ಎಂದು ಕೇಳಿದವನು ಎಮ್ಲಿನ್‌ನೇ. ಅವಳು ಬಂದು ಎದುರು ಕೂತಳು. ಅವನು ಎದ್ದು ನಿಂತು, ಹೇಳಿಕೆಯಲ್ಲಿದ್ದದ್ದನ್ನೇ ಮತ್ತೆ ಹೇಳಿದ. ಕ್ಷಮಿಸು ಎನ್ನಲಿಲ್ಲ, ಕೇಳುವ ಹಕ್ಕು ತನಗಿಲ್ಲ ಎಂದಷ್ಟೇ ಹೇಳಿದ. ಅವಳು ಅವನನ್ನು ನೋಡುತ್ತಲೇ ಇದ್ದಳು.

“ಅಪ್ಪ ಸತ್ತಾಗ ಪೆಟ್ಟಿಗೆ ಹೊರೋಕೆ ನಾಲ್ಕನೇ ಹೆಗಲು ಸಿಗ್ಲಿಲ್ಲ. ನೀನು ಬಂದೆ. ಯಾಕೆ ಬಂದೆ ಎಮ್ಲಿನ್?”

“ಅಷ್ಟಾದ್ರೂ ಹೊರಬೇಕಿತ್ತು.”

ಎಲ್ಯುನೆಡ್ ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಮೇಜಿನ ಮೇಲೆ ಇಟ್ಟಳು. ಠಣ್ ಎಂದಿತು.

ಎಮ್ಲಿನ್ ಅದನ್ನು ನೋಡಿ ಗೋಡೆಯವರೆಗೆ ಹಿಂದೆ ಸರಿದ.

“ಕೂತ್ಕೋ,” ಎಂದಳು. “ನೀನು ಹೊಳೆಗೆ ಹಾಕಿದ್ದು ಕುರ್ಚಿ ಕಾಲು. ನಮ್ಮನೆ ಹಳೇ ಕುರ್ಚೀದು. ಕಡೆದು ಬಣ್ಣ ಹೊಡೆದೋಳು ನಾನು. ಬ್ರಿನ್‌ಮೋರ್‌ಗೆ ಅಂತ ಮಾಡಿದ್ದು, ನಿನಗೆ ತಗಲ್ಕೊಳ್ತು.”

ಅವನು ಅವಳನ್ನು ನೋಡಿದ, ಪಿನ್ನನ್ನು ನೋಡಿದ, ನೆರಿಸ್‌ಳನ್ನು ನೋಡಿದ. ನೆರಿಸ್ ಹೌದೆಂದು ತಲೆಯಾಡಿಸಿದಳು. ಅವನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆಂದು ಅವಳು ನೀರಿನ ಲೋಟವನ್ನು ಅವನತ್ತ ಸರಿಸಿದಳು.

“ಎರಡು ದಿನ,” ಎಂದ ಎಮ್ಲಿನ್, ಉಸಿರು ಹಿಡಿಯಲಾಗದೆ. “ಎರಡು ದಿನ ದೇವ್ರೇ ಬಂದು ನನ್ನ ಹತ್ರ ಮಾತಾಡಿದ ಅಂದ್ಕೊಂಡಿದ್ದೆ. ಕುರ್ಚಿ ಕಾಲು.”

ಮೊದಲು ಟೂಡರ್‌ನ ಮೂಗಿನಿಂದ ಒಂದು ಸದ್ದು ಜಾರಿತು. ಎಲ್ಯುನೆಡ್ ತುಟಿ ಕಚ್ಚಿ ತಡೆದಳು, ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದ ಹಾಗೆಯೇ ಅವಳೂ ನಕ್ಕಳು. ಆದರೆ ಹೊರಗೆ ಬೆಂಚಿನ ಮೇಲೆ ತಮ್ಮ ಪಿನ್ನಿನ ಸುದ್ದಿಗಾಗಿ ಕಾಯುತ್ತಿದ್ದ ಮೇಷ್ಟ್ರಿಗೆ ಗೋಡೆಯಾಚೆಯಿಂದ ಕೇಳಿಸಿದ್ದು ಒಂದೇ ನಗು. ಅಂಗೈಯಿಂದ ಮೇಜು ಬಡಿಯುತ್ತಾ, ಕೆಮ್ಮುತ್ತಾ, ನಿಂತು ಮತ್ತೆ ಶುರುವಾಗುತ್ತಾ, ಐವತ್ತೆಂಟು ವರ್ಷ ಜೋರಾಗಿ ನಗದಿದ್ದ ಮನುಷ್ಯ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.