ಎಣ್ಣೆ ಎಂಬ ಮಾತು

ಹಂಬಲಮಾಪಕ ಒಂದೊಂದೇ ಪದವನ್ನು ಉಚ್ಚರಿಸುತ್ತಿತ್ತು. "ಬ್ರಾಂದಿ" ಎಂದಿತು; ಗುರುಸಿದ್ಧಪ್ಪನ ಮುಂದಿದ್ದ ಪರದೆಯ ಹಸಿರು ಗೆರೆ ತಣ್ಣಗೆ ಮಲಗಿತ್ತು. "ಸಾರಾಯಿ" ಎಂದಿತು, ಆಗಲೂ ಅಲುಗಲಿಲ್ಲ. "ಎಣ್ಣೆ" ಎಂದಾಗ ಮಾತ್ರ ಗೆರೆ ಧಿಗ್ಗನೆ ಎದ್ದು ಕೆಂಪಗಾಯಿತು.

ಬಯಸಿದ್ದರ ಹೆಸರು ಕಿವಿಗೆ ಬಿದ್ದರೆ ಮಿದುಳಿನಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಏಳುತ್ತದೆ. ಬಾಯಿ ಸುಳ್ಳಾಡಬಹುದು, ಆ ಅಲೆಗೆ ಸುಳ್ಳು ಬಾರದು. ಈ ತತ್ತ್ವದ ಮೇಲೆ ಡಾ. ವಸುಮತಿ ಈ ಯಂತ್ರವನ್ನು ಕಟ್ಟಿದ್ದರು. ಕರಿಬಂಡೆ ಅಣೆಕಟ್ಟಿನ ಗೇಟುಗಳನ್ನು ತೆರೆಯುವ ನಿಯಂತ್ರಣ ಕೊಠಡಿಗೆ ಕಾಲಿಡಲು ಭದ್ರತಾ ಪರವಾನಗಿ ಬೇಕು. ಹೊಸ ನಿಯಮದಂತೆ, ಹಿಂದೆ ಕುಡಿತಕ್ಕೆ ಬಿದ್ದಿದ್ದವರು ಈಗ ಯಂತ್ರದ ಮುಂದೆ ಕೂರಲೇಬೇಕು. ಹಳೆಯದನ್ನು ಮುಚ್ಚಿಟ್ಟವರು ಆರಾಮವಾಗಿ ಒಳಗಿದ್ದರು. ವರ್ಷಗಳಿಂದ ಅಲ್ಲಿ ಗೇಟು ನಡೆಸುತ್ತಿದ್ದ ಗುರುಸಿದ್ಧಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸಿಕ್ಕಿಕೊಂಡಿದ್ದ.

ವಸುಮತಿ ಕನ್ನಡಕ ತೆಗೆದರು. "ಜನ ಕುಡಿಯೋದಕ್ಕೆ ಎಣ್ಣೆ ಅಂತಾರಲ್ಲ, ಅದಕ್ಕೇ ಆ ಪದ ಸೇರಿಸಿದ್ದು. ನಿಮಗಿನ್ನೂ ಆಸೆ ಹೋಗಿಲ್ಲ, ಗುರುಸಿದ್ಧಪ್ಪ."

"ಅದು ಆ ಎಣ್ಣಿ ಅಲ್ರೀ ಮೇಡಂ. ನಮ್ಮ ಮನ್ಯಾಗ ಎಣ್ಣಿ ಅಂದ್ರ ಕೊಬ್ಬರಿ ಎಣ್ಣಿ. ನನ್ನ ಮಗಳು ನೀಲವ್ವಗ ತಲಿಗೆ ಹಚ್ಚಿ ಹೆರಳು ಹಾಕಾಂವ ನಾನ ಇದ್ದೆ. 'ಅಪ್ಪಾ, ಎಣ್ಣಿ' ಅಂತ ಬಟ್ಟಲಾ ಹಿಡಕೊಂಡು ಓಡಿ ಬರ್ತಿತ್ತು ಕೂಸು. ಜ್ವರದಾಗ ಹೋತ್ರಿ."

ವಸುಮತಿ ಕೆಟ್ಟವರಲ್ಲ. "ಹಂಬಲ ಯಾವುದರದ್ದು ಅಂತ ಯಂತ್ರಕ್ಕೆ ತಿಳಿಯಲ್ಲ. ನಿಯಮ ನನ್ನ ಕೈಯಲ್ಲಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು.

ಅಲ್ಲಿಯವರೆಗೆ ಅವನನ್ನು ಅಣೆಕಟ್ಟಿನ ಹೂದೋಟಕ್ಕೆ ಹಾಕಿದರು. ಮಗಳು ಹೋದ ಮೇಲೆ ಕುಡಿತದಲ್ಲಿ ಮುಳುಗಿದ್ದವನನ್ನು ಬದುಕಿಸಿದ್ದೇ ಗೇಟುಗಳ ಕೆಲಸ. ನೀರಿನ ಮಟ್ಟ ನೋಡುತ್ತ, ಸೈರನ್ ಹಾಕಿ ಕೆಳಗಿನ ಊರುಗಳನ್ನು ಎಚ್ಚರಿಸುತ್ತ ಇದ್ದರೆ ದುಃಖ ಹೇಗೋ ಹೊರಬಹುದಾಗಿತ್ತು. ಗುಲಾಬಿ ಗಿಡಗಳಿಗೆ ಪೈಪು ಹಿಡಿದು ನಿಂತರೆ ನೀಲವ್ವ ಕಣ್ಣಮುಂದಿನಿಂದ ಸರಿಯಲೊಲ್ಲಳು. ನಿಯಂತ್ರಣ ಕೊಠಡಿಯ ತನ್ನ ಕುರ್ಚಿ ಅವನಿಗೆ ಮತ್ತೆ ಬೇಕೇ ಬೇಕಿತ್ತು. ಮನಸ್ಸು ಗಟ್ಟಿ ಮಾಡಿಕೊಳ್ಳಲು ಪಾಪ, ಅವನಿಗೆ ಗೊತ್ತಿದ್ದ ದಾರಿ ಒಂದೇ.

ಎರಡನೆಯ ಪರೀಕ್ಷೆಯಲ್ಲಿ ಯಂತ್ರ "ಎಣ್ಣೆ" ಎಂದಿತು. ಗೆರೆ ಮಿಸುಕಲಿಲ್ಲ.

ವಸುಮತಿಯವರ ಮುಖ ಅರಳಿತು. "ನೋಡಿ, ಕೊನೆಗೂ ಗೆದ್ರಿ!" ಎನ್ನುತ್ತ ಪರವಾನಗಿಯ ಬಿಲ್ಲೆಯನ್ನು ತಾವೇ ಅವನ ಕೊರಳಿಗೆ ಹಾಕಿದರು. ಹಾಕುತ್ತಿದ್ದಂತೆ ಅವನ ಬಾಯಿಯ ವಾಸನೆ ಅವರ ಮೂಗಿಗೆ ಬಡಿಯಿತು.

"ಕುಡಿದಿದ್ದೀರಾ?"

"ಹೂಂ ರೀ. ಕುಡದ್ರ ಆಕಿ ನೆನಪಾಗೂದಿಲ್ಲ. ಮೊದಲೂ ಅದಕ್ಕ ಕುಡೀತಿದ್ದೆ."

ಅಷ್ಟರಲ್ಲಿ ಬಿಲ್ಲೆಯನ್ನು ಗುರುತಿಸಿದ ಪಕ್ಕದ ನಿಯಂತ್ರಣ ಕೊಠಡಿಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಅವನ ಹಳೆಯ ಕುರ್ಚಿ ಖಾಲಿ ಇತ್ತು. ಗುರುಸಿದ್ಧಪ್ಪ ಹೊಸ್ತಿಲವರೆಗೆ ಹೋಗಿ ನಿಂತ. ಗೇಟಿನ ಕೆಳಗೆ ಊರುಗಳಿದ್ದವು, ಆ ಊರುಗಳಲ್ಲಿ ಬೇರೆಯವರ ಮಕ್ಕಳಿದ್ದರು.

"ಇವತ್ತ ನನ್ನ ಒಳಗ ಬಿಡಬ್ಯಾಡ್ರಿ ಮೇಡಂ" ಎಂದು ಬಿಲ್ಲೆಯನ್ನು ತೆಗೆದು ಅವರ ಕೈಗಿಟ್ಟ. ಆಮೇಲೆ ಗೋಡೆ ಹಿಡಿದುಕೊಂಡು ಹೂದೋಟದ ಕಡೆಗೆ ನಡೆದ.