ಗುಬ್ಬಿಯ ಅಕ್ಕ

“ನಾಳೆಯಿಂದ ನಾನು ಆ ಶಾಲೆಗೆ ಹೋಗಲ್ಲ. ಸಾಯಿಸಿದ್ರೂ ಹೋಗಲ್ಲ!”

ತಂಗಿಯನ್ನು ಒಳಗೆ ಬಿಟ್ಟು, ಬ್ಯಾಗನ್ನು ಬಾಗಿಲಲ್ಲೇ ಬಿಸಾಡಿ ದೊಡ್ಡವಳು ಹೀಗೆ ಕಿರುಚಿದಾಗ ತಾಯಿ ಮೇಜಿನ ಮೇಲೆ ಹಳೇ ಕಂಬಳಿ ಹಾಸಿಕೊಂಡು ಮರುದಿನದ ನರ್ಸ್ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಚಿಕ್ಕವಳು ಯಾರನ್ನೂ ನೋಡದೆ ನೇರವಾಗಿ ಹೋಗಿ ಬಟ್ಟೆ ಒಗೆಯುವ ಮಷೀನಿನ ಪಕ್ಕದ ಸಂದಿಯಲ್ಲಿ ಕುಳಿತಳು. ಅಜ್ಜಿ ಕನ್ನಡಕ ತೆಗೆದಿಟ್ಟು ಕುರ್ಚಿಯಿಂದ ಎದ್ದರು.

“ಏನಾಯ್ತೇ ಮಹಾರಾಣಿಗೆ?”

“ಎಲ್ಲರ ಮುಂದೆ ಹೇಳಿಬಿಟ್ಟೆ ಅಜ್ಜಿ. ಇವಳು ನನ್ನ ತಂಗೀನೇ ಅಲ್ಲ ಅಂತ ಹೇಳಿಬಿಟ್ಟೆ!”

ಅಜ್ಜಿಯ ಕೈ ಹುಡುಗಿಯ ಕೆನ್ನೆಗೆ ಫಟಾರೆಂದು ಬಿತ್ತು. ದೊಡ್ಡವಳು ಅಳಲಿಲ್ಲ. ಹೊಡೆತಕ್ಕೆ ಕಾದು ನಿಂತವಳಂತೆ ಸುಮ್ಮನೆ ನಿಂತಳು. ತಾಯಿ ಅದನ್ನೇ ನೋಡುತ್ತಿದ್ದಳು. ಸಮವಸ್ತ್ರದ ಕಾಲರ್ ಸುಟ್ಟ ವಾಸನೆ ಬಂದ ಮೇಲೆಯೇ ಅವಳಿಗೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇರುವುದು ನೆನಪಾದದ್ದು.

ಚಿಕ್ಕವಳನ್ನು ಮನೆಯಲ್ಲೂ ಶಾಲೆಯಲ್ಲೂ ಗುಬ್ಬಿ ಅನ್ನುತ್ತಿದ್ದರು. ಕೂತಲ್ಲಿ ಕೂರದೆ ಪುರ್ರೆಂದು ಓಡುತ್ತಿದ್ದ ಮಗು, ಅದಕ್ಕೇ ಆ ಹೆಸರು. ಮಾತು ತಡವಾಗಿ ಬಂತು, ಬಂದದ್ದೂ ಹಿಡಿಯಷ್ಟೇ. ಆಟಿಸಂ ಅಂದರು ಮಕ್ಕಳ ಡಾಕ್ಟರು. “ಇದು ಹಟ ಅಲ್ಲಮ್ಮ, ಸೊಕ್ಕೂ ಅಲ್ಲ. ನಿಮಗೆ ಸಣ್ಣದಾಗಿ ಕೇಳೋ ಸದ್ದು ಅವಳಿಗೆ ತಲೆಯೊಳಗೇ ಬಡಿದ ಹಾಗೆ ಕೇಳುತ್ತೆ. ಮುಂದೇನು ಅಂತ ತಿಳಿಯದಿದ್ರೆ ಹೆದರಿಬಿಡ್ತಾಳೆ. ಮೊದಲೇ ಹೇಳಿ, ಚಿತ್ರ ತೋರಿಸಿ, ಸ್ವಲ್ಪ ಹೊತ್ತು ಕೊಡಿ. ಕಲೀತಾಳೆ, ಖಂಡಿತ ಕಲೀತಾಳೆ.” ತಾಯಿ ಇದನ್ನೆಲ್ಲ ಶಾಲೆಯಲ್ಲಿ ಹೇಳಿದ್ದಳು. ಮುಖ್ಯೋಪಾಧ್ಯಾಯಿನಿ ಹ್ಞೂಂಗುಟ್ಟಿದ್ದರು. ಅಷ್ಟೇ. ಅಲ್ಲಿಗೆ ಆ ಮಾತು ಆ ಕೋಣೆಯ ಗೋಡೆಗೆ ಅಂಟಿಕೊಂಡು ಉಳಿದುಬಿಟ್ಟಿತು.

ಶಾಲೆಗೆ ಅದಕ್ಕಿಂತ ಸುಲಭದ ದಾರಿಯೊಂದು ಸಿಕ್ಕಿತ್ತಲ್ಲ! ಮೇಲಿನ ಮಹಡಿಯಲ್ಲಿ ಏಳನೆಯ ತರಗತಿಯಲ್ಲಿ ಅಕ್ಕ ಇದ್ದಳು. ಗುಬ್ಬಿ ಬೆಂಚಿನಡಿ ಸೇರಿದಳೇ? ಅಕ್ಕನನ್ನು ಕರೆಯಿರಿ. ಪಕ್ಕದವರ ಪೆನ್ಸಿಲ್ ಸದ್ದಿಗೆ ಕಿವಿ ಮುಚ್ಚಿ ಚೀರಿದಳೇ? ಕರೆಯಿರಿ ಅಕ್ಕನನ್ನು. ಗಣಿತದ ನಡುವೆ, ಪರೀಕ್ಷೆಯ ನಡುವೆ, ಕೈಯಲ್ಲಿ ತುತ್ತು ಇರುವಾಗ, ಜವಾನ ಬಾಗಿಲಲ್ಲಿ ನಿಂತು ಬೆರಳಾಡಿಸಿದರೆ ಸಾಕು, ಅವಳು ಎದ್ದು ಓಡಬೇಕು. ಶಾಲೆಯಲ್ಲಿ ಅವಳನ್ನು ‘ಗುಬ್ಬಿಯ ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳ ಇಂಗ್ಲಿಷ್ ಟೀಚರ್ ಒಮ್ಮೆ ಉತ್ತರಪತ್ರಿಕೆ ಕೊಡುವಾಗಲೂ ಹಾಗೇ ಕೂಗಿದಾಗ ಇಡೀ ತರಗತಿ ನಕ್ಕಿತ್ತು.

ಅವಳಿಗೆ ಒಳ್ಳೆಯ ಕಂಠವಿತ್ತು. ಅಂತರಶಾಲಾ ಗಾಯನ ಸ್ಪರ್ಧೆಗೆ ಆಯ್ಕೆ ನಡೆದದ್ದು ಅವಳು ಬ್ಯಾಗು ಬಿಸಾಡಿದ ದಿನವೇ. ಹಾಡು ಅರ್ಧಕ್ಕೆ ಬಂದಿತ್ತು, ಎಲ್ಲರೂ ಮೈಯೆಲ್ಲ ಕಿವಿಯಾಗಿ ಕುಳಿತಿದ್ದರು. ಬಾಗಿಲಲ್ಲಿ ಜವಾನ! ಸಂಗೀತದ ಮೇಷ್ಟ್ರು ಮೆತ್ತಗೆ ಹೇಳಿದರು, “ಹೋಗಮ್ಮ, ಮುಂದಿನ ವರ್ಷ ನೋಡೋಣ.” ಅವಳು ಹೋದಳು. ತಂಗಿಯನ್ನು ಬೆಂಚಿನಡಿಯಿಂದ ಹೊರಗೆ ತಂದಳು. ಕಾರಿಡಾರಿನಲ್ಲಿ ಯಾರೋ “ನಿನ್ನ ತಂಗೀನಾ?” ಅಂದದ್ದಕ್ಕೆ, ಅಲ್ಲ ಅಂದುಬಿಟ್ಟಳು.

ಮನೆಯಲ್ಲಿ ಇದನ್ನು ಕೇಳುವವರು ಯಾರಿದ್ದರು? ತಂದೆ ಲಿಫ್ಟ್ ರಿಪೇರಿಯವನು. ಹಗಲೆಲ್ಲ ಯಾವುದಾದರೂ ಕಟ್ಟಡದ ಕತ್ತಲೆಯ ಬಾವಿಯಂಥ ಸಂದಿಯಲ್ಲಿ ಇಳಿದಿರುತ್ತಿದ್ದ. ಮನೆಯಲ್ಲಿ ತನ್ನ ಹೆತ್ತಮ್ಮನ ಮಾತಿನ ಎದುರು ಅದಕ್ಕಿಂತಲೂ ಕೆಳಗೆ ಇಳಿದಿರುತ್ತಿದ್ದ. ಅಜ್ಜಿಯ ಮಾತೇ ಮಾತು. “ಒಂದೇ ಹೊಟ್ಟೇಲಿ ಹುಟ್ಟಿದ್ದೀರಿ. ಅವಳಿಗೆ ದೇವರು ಕೊಡದೇ ಇರೋದನ್ನ ನಿನಗೆ ಕೊಟ್ಟಿದ್ದಾನೆ. ನೋಡ್ಕೊಳ್ಳೋಕೆ ನೋವೇನೇ? ಸ್ಪರ್ಧೆಯಂತೆ ಸ್ಪರ್ಧೆ! ನೀನು ಹಾಡದಿದ್ರೆ ಯಾರ ಮನೆ ದೀಪ ಆರುತ್ತೆ?”

ಮರುದಿನ ಅಜ್ಜಿ ಮೊಮ್ಮಗಳ ತೋಳು ಹಿಡಿದು ತಾವೇ ಶಾಲೆಯವರೆಗೆ ಎಳೆದುಕೊಂಡು ಹೋಗಿ ಬಿಟ್ಟು ಬಂದರು. ತಾಯಿ ಆಗಲೇ ಆಸ್ಪತ್ರೆಗೆ ಹೋಗಿಯಾಗಿತ್ತು.

ಅಂದು ಶಾಲೆಯಲ್ಲಿ ಹಳೆಯ ಗಂಟೆಯ ಬದಲು ಎಲೆಕ್ಟ್ರಿಕ್ ಬೆಲ್ ಕೂರಿಸಿದ್ದರು, ಗುಬ್ಬಿಯ ತರಗತಿಯ ಕಿಟಕಿಯ ಪಕ್ಕದಲ್ಲೇ. ಯಾರೂ ಅವಳಿಗೆ ಮೊದಲೇ ಹೇಳಲಿಲ್ಲ. ಅದು ಕಿರ್ರೆಂದು ಬಡಿದುಕೊಂಡಾಗ ಮಗು ನೆಲಕ್ಕೆ ಬಿದ್ದು ಹೊರಳಿತು. ಜವಾನ ಮೇಲಿನ ಮಹಡಿಗೆ ಓಡಿದ. ದೊಡ್ಡವಳು ಡೆಸ್ಕಿನ ಮೇಲೆ ತಲೆಯಿಟ್ಟಳು. “ಬರಲ್ಲ,” ಅಂದಳು. “ಮಿಸ್ ಕರೀತಿದಾರೆ ಕಣಮ್ಮ...” “ಬರಲ್ಲ ಅಂದೆನಲ್ಲ!”

ಆ ಹೊತ್ತಿನಲ್ಲೇ ಕೆಳಗೆ ಗುಬ್ಬಿ ಕಿಟಕಿಕಟ್ಟೆಯ ಅಂಚಿಗೆ ಹಣೆ ಚಚ್ಚಿಕೊಳ್ಳತೊಡಗಿದ್ದಳು. ಮೊದಲ ಹೊಡೆತಕ್ಕೆ ಯಾರೂ ತಡೆಯಲಿಲ್ಲ. ಹೇಗೆ ಮುಟ್ಟಬೇಕೋ, ಮುಟ್ಟಬಾರದೋ ಒಬ್ಬರಿಗೂ ತಿಳಿದಿರಲಿಲ್ಲ. ಚೀರಾಟ ಮೇಲಿನವರೆಗೆ ಕೇಳಿತು. ಕೊನೆಗೆ ಅಕ್ಕನೇ ತಡೆಯಲಾರದೆ ಓಡಿಬಂದಳು. ಬರುವಷ್ಟರಲ್ಲಿ ಕಿಟಕಿಯ ಕಟ್ಟೆ ಕೆಂಪಾಗಿತ್ತು...

ಗುಬ್ಬಿಯನ್ನು ಕರೆತಂದದ್ದು ತಾಯಿ ಕೆಲಸ ಮಾಡುವ ಆಸ್ಪತ್ರೆಗೇ. ಯಾರದೋ ಮಗು ಎಂದು ಟ್ರೇ ಹಿಡಿದು ಬಂದವಳು ಸ್ಟ್ರೆಚರಿನ ಮೇಲಿನ ಪುಟ್ಟ ಪಾದ ನೋಡಿ ಕಲ್ಲಾಗಿ ನಿಂತಳು. ಹೊಲಿಗೆ ಹಾಕುವಷ್ಟು ಹೊತ್ತೂ ಮಗುವಿನ ತಲೆ ಹಿಡಿದವಳು ಅವಳೇ. ಆಮೇಲೆ ಹೊರಗಿನ ಬೆಂಚಿನ ಬಳಿ ಬಂದಳು.

ಅಲ್ಲಿ ಅಜ್ಜಿ ಬಂದಿದ್ದರು. ಮೈಯೆಲ್ಲ ಗ್ರೀಸು ಮೆತ್ತಿಕೊಂಡ ತಂದೆಯೂ ಬಂದಿದ್ದ.

“ತಣ್ಣಗಾಯ್ತಾ ಹೊಟ್ಟೆ?” ಅಜ್ಜಿ ದೊಡ್ಡವಳ ಮೇಲೆ ಹರಿಹಾಯುತ್ತಿದ್ದರು. “ಕರೆದಾಗ ಹೋಗಿದ್ರೆ ಆ ಕೂಸಿನ ತಲೆ ಒಡೀತಿತ್ತಾ? ನೀನೇ ಒಡೆದೆ!”

“ಹೌದು,” ಎಂದಳು ಹುಡುಗಿ ಗೋಡೆಗೆ ಒರಗಿ. “ನಾನೇ.”

ಅವಳ ಬೆರಳುಗಳಲ್ಲಿ ತಂಗಿಯ ರಕ್ತ ಒಣಗಿತ್ತು. ತೊಳೆಯೋಣವೆಂದು ತಾಯಿ ಅವಳನ್ನು ನಲ್ಲಿಯ ಬಳಿ ಕರೆದುಕೊಂಡು ಹೋಗಿ ಉದ್ದ ತೋಳಿನ ಅಂಗಿಯನ್ನು ಮೇಲೆ ಸರಿಸಿದಳು. ಅಯ್ಯೋ! ಮೊಣಕೈವರೆಗೂ ಹಲ್ಲಿನ ಗುರುತು, ಉಗುರಿನ ಗೀರು. ಕೆಲವು ಮಾಸಿ ಬಿಳಿಯಾಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು. ಕಂಡಕಂಡವರ ಗಾಯಕ್ಕೆಲ್ಲ ಪಟ್ಟಿ ಕಟ್ಟುವ ಕೈ ಅವಳದು. ತನ್ನ ಮಗಳು ಬೇಸಿಗೆಯಲ್ಲೂ ಯಾಕೆ ತುಂಬುತೋಳಿನ ಅಂಗಿ ಬಿಚ್ಚುವುದಿಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ.

“ಇದು... ಯಾವಾಗಿಂದ ಕಂದಾ?”

“ಗೊತ್ತಿಲ್ಲ. ಅವಳು ಬೇಕು ಅಂತ ಕಚ್ಚಲ್ಲಮ್ಮ. ಅವಳಿಗೆ ಬೈಬೇಡ.”

ತಾಯಿ ಅಲ್ಲೇ, ನಲ್ಲಿಯ ನೀರು ಸುರಿಯುತ್ತಿರುವಂತೆಯೇ, ಮಗಳನ್ನು ತಬ್ಬಿಕೊಂಡು ಬಿಕ್ಕಿದಳು.

ಮರುವಾರ ಗಂಡಹೆಂಡಿರಿಬ್ಬರೂ ಶಾಲೆಗೆ ಹೋದರು. “ದೊಡ್ಡ ಹುಡುಗಿ ಇದ್ದಾಳೆ ಅನ್ನೋ ಧೈರ್ಯಕ್ಕೇ ನಾವು ಇಟ್ಟುಕೊಂಡಿದ್ದು,” ಎಂದರು ಮುಖ್ಯೋಪಾಧ್ಯಾಯಿನಿ. “ಅವಳು ಸರಿಯಾಗಿ ಸಹಕರಿಸಿದ್ರೆ ಮುಂದೆಯೂ ತೊಂದರೆ ಇಲ್ಲ.” ತಾಯಿ ಕುರ್ಚಿ ಸರಿಸಿ ಎದ್ದಳು. ಹೊರಗೆ ಬಂದಾಗ ಗುಬ್ಬಿಯ ಕ್ಲಾಸ್ ಟೀಚರ್, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಮೆಟ್ಟಿಲ ಬಳಿ ಕಾದು ನಿಂತಿದ್ದಳು.

“ಮೇಡಂ, ನನಗೆ ಯಾರೂ ಹೇಳಿಕೊಟ್ಟಿಲ್ಲ. ಅವಳು ಅಳೋಕೆ ಶುರುಮಾಡಿದ್ರೆ ಏನು ಮಾಡ್ಬೇಕು ಅಂತಾನೇ ನನಗೆ ತೋಚಲ್ಲ. ಅಕ್ಕ ಬರ್ತಾಳಲ್ಲ ಅಂತ ನಾನು ಕಲಿಯೋಕೂ ಹೋಗ್ಲಿಲ್ಲ...” ಅವಳ ಕಣ್ಣು ತುಂಬಿತ್ತು.

ದಾರಿಯುದ್ದಕ್ಕೂ ತಾಯಿಯ ಕಿವಿಯಲ್ಲಿ ಅದೇ ಮಾತು. ಅಕ್ಕ ಇರುವವರೆಗೆ ಈ ಶಾಲೆ ಕಲಿಯುವುದಿಲ್ಲ. ಗುಬ್ಬಿಯನ್ನು ಬೇರೆ ಕಡೆ ಸೇರಿಸೋಣವೆಂದರೆ ಈಗಾಗಲೇ ಎರಡು ಶಾಲೆಗಳು ಬಾಗಿಲು ತೋರಿಸಿದ್ದವು.

“ದೊಡ್ಡವಳನ್ನ ನನ್ನ ತಂಗಿ ಮನೆಗೆ ಕಳಿಸ್ತೀನಿ,” ಎಂದಳು ಅಂದು ಸಂಜೆ. “ಆ ಊರಲ್ಲೇ ಓದಲಿ. ನಾನು ಮಧ್ಯಾಹ್ನದ ಪಾಳಿ ಕೇಳಿಕೊಂಡಿದ್ದೀನಿ. ಅಕ್ಕನ ಬದಲು ನಾನಿರ್ತೀನಿ ಅಂತ ಶಾಲೆಯವರನ್ನ ಒಪ್ಪಿಸಿ, ಬೆಳಗ್ಗೆ ಹೋಗಿ ಆ ಟೀಚರ್ ಜೊತೆ ಕೂತ್ಕೋತೀನಿ.”

ಅಜ್ಜಿ ಹೌಹಾರಿದರು. “ತಲೆ ನೆಟ್ಟಗಿದೆಯಾ ನಿನಗೆ? ಒಂದು ಮಗುಗೋಸ್ಕರ ಇನ್ನೊಂದನ್ನ ಮನೆಯಿಂದ ಅಟ್ತೀಯಾ?”

“ಅಟ್ತಿಲ್ಲ ಅತ್ತೆ. ಬಿಡಿಸ್ತಿದ್ದೀನಿ.”

“ಅಂದ್ರೆ ನಾನು ಕಟ್ಟಿಹಾಕಿದ್ದೆ ಅಂತಲಾ? ಕೇಳಿಸ್ಕೊಂಡ್ಯೇನೋ, ನಿನ್ನ ಹೆಂಡತಿ ಆಡೋ ಮಾತು!”

ತಂದೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. “ಅಮ್ಮಾ, ನೀವು ದೊಡ್ಡವಳ ಕೈ ನೋಡಿದ್ದೀರಾ? ನಾನು ನೋಡಿದೆ. ಸಾಕಮ್ಮ... ಸಾಕು.”

ಹೊರಡುವ ದಿನ ದೊಡ್ಡವಳು ಒಂದೇ ಒಂದು ಪ್ರಶ್ನೆ ಕೇಳಿದಳು. “ಇದು ಶಿಕ್ಷೆನಾ ಅಮ್ಮ?” ಅಲ್ಲವೆಂದು ತಾಯಿ ಎಷ್ಟು ಹೇಳಿದರೂ ಆ ಹನ್ನೆರಡರ ಮುಖ ನಂಬಲಿಲ್ಲ. ಬಸ್ಸು ಹೊರಟಾಗ ಗುಬ್ಬಿ ಚಕ್ರಗಳನ್ನೇ ನೋಡುತ್ತಿದ್ದಳು. ಕೈ ಬೀಸಲಿಲ್ಲ.

ಆಮೇಲಿನ ತಿಂಗಳುಗಳನ್ನು ಏನೆಂದು ಹೇಳುವುದು! ಗುಬ್ಬಿ ದಿನವೂ ಶಾಲೆಗೆ ಹೋದವಳೇ ಮೆಟ್ಟಿಲು ಹತ್ತಿ ಏಳನೆಯ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗಿನ ಮುಖಗಳನ್ನಲ್ಲ, ಅಕ್ಕ ಕೂರುತ್ತಿದ್ದ ಜಾಗವನ್ನು ನೋಡುತ್ತಿದ್ದಳು. ಯಾರಾದರೂ ಬಂದು ಬಿಡಿಸಿಕೊಂಡು ಹೋದರೆ ರಂಪ; ಬಿಟ್ಟರೆ ಪಾಠವೆಲ್ಲ ಅಲ್ಲೇ. ತಾಯಿ, ಟೀಚರ್ ಇಬ್ಬರೂ ಎಡವುತ್ತ, ಮತ್ತೆ ಏಳುತ್ತ ಕಲಿತರು. ದಿನದ ಕೆಲಸಗಳನ್ನೆಲ್ಲ ಚಿತ್ರ ಬರೆದು ಬೆಂಚಿಗೆ ಅಂಟಿಸಿದರು. ಬೆಲ್ ಹೊಡೆಯುವ ಮೊದಲು ಜವಾನ ಕಿಟಕಿಯಲ್ಲಿ ಕೆಂಪು ಬಟ್ಟೆ ತೋರಿಸುತ್ತಿದ್ದ. ಅವಳು ದಪ್ಪನೆಯ ಕಿವಿಮುಚ್ಚಳ ಹಾಕಿಕೊಳ್ಳುತ್ತಿದ್ದಳು. ಅಲ್ಮೇರಾ ಹಿಂದೆ ಪರದೆ ಕಟ್ಟಿ ಒಂದು ಮೂಲೆ ಮಾಡಿದರು. ತಡೆಯಲಾರದಾದಾಗ ಅಲ್ಲಿ ಹೋಗಿ ಕೂತು, ತಾನಾಗಿಯೇ ಎದ್ದು ಬರುವುದು. ಮಾತಿಲ್ಲದೆಯೇ ಲೆಕ್ಕ ಮಾಡುತ್ತಾಳೆಂದು ತಿಳಿದದ್ದು ಆಗಲೇ. ಮಾತಿನ ಮಲ್ಲಿಯೊಬ್ಬಳು ಪಕ್ಕದ ಬೆಂಚಿನಿಂದ ಎದ್ದುಬಂದು, “ಇವಳು ಉತ್ತರಾನೇ ಕೊಡಲ್ಲ, ಅದಕ್ಕೇ ಇಷ್ಟ,” ಎಂದು ಗುಬ್ಬಿಯ ಪಕ್ಕ ಖಾಯಂ ಆದಳು. ಕೆಟ್ಟ ದಿನಗಳು ಇಲ್ಲವಾಗಲಿಲ್ಲ. ಆದರೆ ಮೆಟ್ಟಿಲು ಹತ್ತುವುದು ಒಂದು ದಿನ ನಿಂತೇಹೋಯಿತು. ತಾಯಿ ಅದನ್ನು ಕಂಡು ಸಂತೋಷಪಡಬೇಕಿತ್ತು... ಶಾಲೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತಳು.

ಮನೆಯಲ್ಲಿ ಅಜ್ಜಿ ಸೊಸೆಯೊಂದಿಗೆ ಮಾತು ಬಿಟ್ಟಿದ್ದರು. ಆದರೆ ಊಟದ ಹೊತ್ತಿಗೆ ಒಂದು ತಟ್ಟೆ ಹೆಚ್ಚಿಗೆ ತೆಗೆದು, ನೆನಪಾಗಿ, ಮತ್ತೆ ಗೂಡಿನಲ್ಲಿಡುತ್ತಿದ್ದರು. ಒಂದು ಸಂಜೆ ಆ ತಟ್ಟೆ ಹಿಡಿದೇ ಕೂತುಬಿಟ್ಟರು. “ಅವತ್ತು ನಾನು ಹೊಡೆದ್ರೂ ಆ ಮಗು ಅಳಲಿಲ್ಲ ಕಣೇ,” ಎಂದರು. “ನಾನು ಅದನ್ನ ನೋಡಲಿಲ್ವೇ...” ಸೊಸೆ ಹತ್ತಿರ ಬಂದು ಕೂತಳು.

ರಜೆಗೆ ದೊಡ್ಡವಳು ಬಂದಳು. ಒಂದಿಷ್ಟು ಎತ್ತರವಾಗಿದ್ದಳು, ಗಿಡ್ಡತೋಳಿನ ಅಂಗಿ ಹಾಕಿದ್ದಳು. ಅಜ್ಜಿ ಅವಳ ಕೈಗಳನ್ನು ಹಿಡಿದು ಸವರಿದ್ದೇ ಸವರಿದ್ದು. ಕ್ಷಮಿಸು ಎಂಬ ಮಾತು ತುಟಿಯವರೆಗೆ ಬಂದು ಒಡೆದು ಅಳುವಾಯಿತು. “ಹೋಗ್ಲಿ ಬಿಡಿ ಅಜ್ಜಿ,” ಎಂದಳು ಹುಡುಗಿ, ನೆಂಟರಿಗೆ ಹೇಳುವ ಹಾಗೆ ಮೆತ್ತಗೆ. ಗುಬ್ಬಿ ಬಂದು ಅಕ್ಕನ ಬೆನ್ನಿಗೆ ಬೆನ್ನು ತಾಗಿಸಿ ಕೂತಳು, ಇಡೀ ಮಧ್ಯಾಹ್ನ ಏಳಲಿಲ್ಲ. ತನ್ನ ಪಾಠದ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಚಾಚಿ ಕೊಟ್ಟಳು.

ರಜೆ ಮುಗಿಯುವ ಮುನ್ನ ತಾಯಿ ಕಾದಿಟ್ಟುಕೊಂಡಿದ್ದ ಮಾತನ್ನು ಆಡಿದಳು. “ಈಗ ಎಲ್ಲ ಸರಿಹೋಗಿದೆ ಕಂದಾ. ಅವರು ನಿನ್ನನ್ನ ಇನ್ನು ಕರೆಯಲ್ಲ. ಬಂದುಬಿಡು, ಮನೆಗೆ ಬಂದುಬಿಡು.”

ದೊಡ್ಡವಳು ತಾಯಿಯ ಕೈ ಹಿಡಿದುಕೊಂಡಳು.

“ಅಮ್ಮ, ಬೇಜಾರು ಮಾಡ್ಕೋಬೇಡ. ನಾನು ಅಲ್ಲೇ ಓದ್ತೀನಿ. ಅಲ್ಲಿ ಬಾಗಿಲಲ್ಲಿ ಯಾರಾದ್ರೂ ನಿಂತ್ರೆ ನನಗೆ ಎದೆ ಹೊಡ್ಕೊಳ್ಳಲ್ಲ. ಇಲ್ಲಿ... ನಿನ್ನೆ ಪಕ್ಕದ್ಮನೆಯವರು ಬಂದಾಗಲೂ ಹೊಡ್ಕೊಳ್ತು.”

“ನಾನು ನಿನ್ನ ಕಳಿಸಬಾರದಿತ್ತಾ?”

“ಕಳಿಸ್ಬೇಕಿತ್ತು,” ಎಂದಳು ಮಗಳು. “ಇನ್ನೂ ಮುಂಚೆನೇ ಕಳಿಸ್ಬೇಕಿತ್ತು.”

ತಾಯಿ ಎದ್ದು ಹೋಗಿ ಮಗಳ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬತೊಡಗಿದಳು.

ಗುಬ್ಬಿಯ ಶಾಲೆ ಮತ್ತೆ ತೆರೆದ ದಿನ ಬೆಳಿಗ್ಗೆ ದೊಡ್ಡವಳನ್ನು ಬಸ್ಸು ಹತ್ತಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ತಾಯಿ ಗುಬ್ಬಿಯನ್ನು ಕರೆದುಕೊಂಡು ಶಾಲೆಗೆ ನಡೆದಳು. ರಜೆಗೆ ಒಂದು ತಿಂಗಳ ಮುಂಚಿನಿಂದಲೇ ತಾಯಿ ಒಳಗೆ ಹೋಗುತ್ತಿರಲಿಲ್ಲ. ಇನ್ನು ನೀವು ಬೇಕಾಗಿಲ್ಲ ಎಂದು ಟೀಚರೇ ನಗುತ್ತ ಹೇಳಿದ್ದಳು. ಗೇಟಿನ ಬಳಿ ಮಾತಿನ ಮಲ್ಲಿ ಕಾದು ನಿಂತಿದ್ದಳು. ಗುಬ್ಬಿ ತಾಯಿಯ ಬೆರಳು ಬಿಟ್ಟಳು, ಬ್ಯಾಗು ಸರಿಮಾಡಿಕೊಂಡಳು, ಒಳಗೆ ಹೋದಳು. ತಿರುಗಿ ನೋಡಲಿಲ್ಲ. ತಾಯಿ ಕಂಬಿಗಳನ್ನು ಹಿಡಿದು, ಮಕ್ಕಳ ಗುಂಪಿನಲ್ಲಿ ಆ ಪುಟ್ಟ ಬೆನ್ನು ಯಾವುದೆಂದು ಗುರುತು ಸಿಗದಾಗುವವರೆಗೂ ನೋಡುತ್ತ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, ಒಬ್ಬಳೇ ಮನೆಯ ದಾರಿ ಹಿಡಿದಳು.