ಎಡಗಿವಿ ತೋರಿಸಿದವರು ಯಾರು?

ಹವಾಲ್ದಾರ ದಾವಲಮಲಿಕ ಸಿಯಾಚಿನ್ನಿನಲ್ಲಿ ಒಮ್ಮೆ ಸೀನಿದ್ದಕ್ಕೆ ಗಡಿಯಾಚೆ ಮೂರು ಬಂಕರು ಕುಸಿದಿದ್ದವು. ಸಾಕ್ಷಿ ಕೇಳಬೇಡಿ; ಸಾಕ್ಷಿಗಳೆಲ್ಲ ಅದರಡಿಯೇ ಇದ್ದಾರೆ. ನಿವೃತ್ತನಾದ ಮೇಲೆ ಬಸವನ ಬಾಗೇವಾಡಿಯ ಹೊರಗೆ, ಸೈನ್ಯ ಸೇರಬಯಸುವ ಹುಡುಗರಿಗೆ ತರಬೇತಿ ಶಿಬಿರ ತೆರೆದಿದ್ದ. ಆ ಮುಂಜಾನೆ ಅವನ ಸೀಟಿಗೆ ಮುದ್ದೇಬಿಹಾಳದ ಕೋಳಿಗಳೂ ಎದ್ದವು. ಹೊಸ ಹುಡುಗ ಸಂಜೀವಕುಮಾರ ಏಳಲಿಲ್ಲ.

ಕೋಣೆಯ ಮೂಲೆಯಲ್ಲಿ ಮುದುಡಿ ಬಿದ್ದಿದ್ದ. ಪಕ್ಕದಲ್ಲಿ ಕಂಬಳಿ. ಎಡಗಿವಿಯಿಂದ ಇಳಿದ ರಕ್ತ ಕೊರಳಲ್ಲಿ ಒಣಗಿತ್ತು.

"ಯಾರಲೇ ಹೊಡದವ್ರು?"

ಹವಾಲ್ದಾರ ಎರಡು ಸಲ ಅರಚಿದ ಮೇಲೆ ಸಂಜೀವ ತುಟಿ ನೋಡಿ ಉತ್ತರಿಸಿದ. "ಕಂಬಳಿ ಮುಸುಕು ಹಾಕಿದ್ರು ಉಸ್ತಾದ್. ಎಡಗಿವಿ ತಡವಿ ನೋಡಿ, ಅಲ್ಲೇ ಬಡದ್ರು."

ಕಿವಿಯ ತಮಟೆ ಹರಿದಿದೆ ಎಂದರು ಡಾಕ್ಟರು. ಮುಂದಿನ ವಾರವೇ ಸೈನ್ಯದ ಭರ್ತಿ.

* * *

ಹವಾಲ್ದಾರನ ಕಣ್ಣು ಆಲಮಟ್ಟಿಯ ನೀರಿನ ತಳದ ಮೀನಿಗೆ ಹಲ್ಲುನೋವಿದ್ದರೂ ಕಾಣುವಂಥದು. ಕಂಬಳಿ ಬಿಡಿಸಿದ. ಒಳಗೆ ರಕ್ತದ ಕಲೆ. ಹೊರಗೆ ಅದೇ ಜಾಗದಲ್ಲಿ ಸುಣ್ಣದ ಅಂಗೈ ಗುರುತು. ಮೈದಾನದಲ್ಲಿ ಓಟದ ಗೆರೆಗೆ ಸುಣ್ಣ ಹಾಕುವವನು ಒಬ್ಬನೇ: ಸಿಂದಗಿಯ ಅನಿಲ, ಶಿಬಿರದ ಹಳಬ.

"ಹೊಸಬರಿಗೆ ರಗಡಾ ಕೊಟ್ಟು ನಾಕು ಬಡಿಯೋದು ರಿವಾಜು ಐತ್ರಿ," ಅನಿಲ ನಕ್ಕ. "ನಾವೂ ತಿಂದೇವಿ."

"ರಗಡಾ ಅಂದ್ರ ಬೆನ್ನಿಗೆ ಬೀಳತೈತಿ. ಭರ್ತಿಯಾಗ ಅವ ಬೀಳಲಿ ಅಂತ ನೀ ಕಿವಿ ಹುಡುಕಿ ಹೊಡದಿ. ಓಟದಾಗ ಅವ ನಿನ್ನ ಹಿಂದ ಹಾಕಿದ್ದ. ಅವನ ಎಡಗಿವಿ ಕಚ್ಚಾ, ಕೇಳಂಗಿಲ್ಲ ಅಂತ ನಿನಗ ಯಾರೋ ಹೇಳ್ಯಾರ."

"ಯಾರು ಅಂತ ಎಲ್ಲಾರ ಮುಂದ ಹೇಳ್ಲೇನ್ರಿ?"

"ಬಾಯಿ ಮುಚ್ಚು!" ಹವಾಲ್ದಾರ ಗುಡುಗಿದ. ಇಂಡಿ ಊರಿನ ತೋಟಗಳಲ್ಲಿ ನಿಂಬೆಹಣ್ಣು ಉದುರಿರಬೇಕು. ಬೆರಳು ಸಂಜೀವನ ಜೀವದ ಗೆಳೆಯನತ್ತ ತಿರುಗಿತು. "ಜಾಹಿದ! ಸಂಜೀವನ ಊರವ ನೀನು. ನೀನೇ ಹೇಳೀದಿ. ಗಂಟು ಕಟ್ಟು!"

ಜಾಹಿದ ಅಳುತ್ತ ಅರಿವೆ ಮಡಚತೊಡಗಿದ.

* * *

ಡಾಕ್ಟರು ಸುದ್ದಿ ಕಳಿಸಿದ್ದ ಪೊಲೀಸರಿಗಿಂತ ಮೊದಲು ಇಂಗಳೇಶ್ವರದಿಂದ ಸಂಜೀವನ ತಾಯಿ ಗುಂಡವ್ವ ಬಂದಳು. ಮಗನ ಎಡಗಿವಿಯ ಹತ್ತಿ ನೋಡಿದಳು. ಜಾಹಿದನ ಗಂಟು ನೋಡಿದಳು.

"ಇವನ್ಯಾಕ ಹೊಂಟಾನ?"

"ಎಡಗಿವಿ ಗುಟ್ಟು ಬಿಟ್ಟುಕೊಟ್ಟಾನ, ತಂಗೀ," ಎಂದ ಹವಾಲ್ದಾರ.

"ಎಡಗಿವೀದು ಏನ್ ಗುಟ್ಟು? ಅದು ಗಟ್ಟಿ ಇತ್ತು. ಸಣ್ಣಂದಿನಿಂದ ಕೇಳದ್ದು ಬಲಗಿವಿ. ಜಾಹಿದಗ ಗೊತ್ತೈತಿ, ಯಾವಾಗಲೂ ಎಡಕ್ಕ ನಿಂತು ಮಾತಾಡ್ತಾನ. ಹೇಳಿದ್ರ ಬಲಗಿವಿ ಅಂತಿದ್ದ." ಗುಂಡವ್ವನ ದನಿ ತಗ್ಗಿತು. "ತಪ್ಪು ಹೇಳಾಂವ ಒಬ್ಬಾಂವ ಅದಾನ. ಶಿಬಿರಕ್ಕ ಸೇರಸೂ ದಿವಸ ಹುಡುಗನ್ನ ನಿಮ್ಮ ಎದುರಿಗೆ ನಿಂದ್ರಿಸಿ, ಈ ಕಿವಿ ಕೇಳಂಗಿಲ್ಲ ಅಂತ ಮುಟ್ಟಿ ತೋರಿಸಿದ್ನಿ. ಎದುರಿಗೆ ನಿಂತಂವನ ಬಲಾ ನಿಮ್ಮ ಕಣ್ಣಿಗೆ ಎಡಾ ಆತು. ಹೌದಲ್ಲ, ದಾವಲಣ್ಣಾ?"

ಜೀವನವಿಡೀ ಎಡ-ಬಲ ಕಲಿಸಿದವನು ಕೊರಳ ಸೀಟಿ ತೆಗೆದು ಕೆಳಗಿಟ್ಟ.

"ಚಾದಂಗಡ್ಯಾಗ ಅನಿಲನ ಮುಂದ ಜಂಬ ಕೊಚ್ಚಿದ್ನಿ, ತಂಗೀ. ಎಡಗಿವಿ ಕೇಳದ ಹುಡುಗನ್ನೂ ಸೈನ್ಯಕ್ಕ ದಾಟಸ್ತೇನಿ ಅಂದ್ನಿ. ಸುಣ್ಣದ ಕೈ ಕಂಡಾಗನ ನನಗ ತಿಳೀತು. ಹೆದರಿ ಜಾಹಿದನ ತಲಿಗೆ ಕಟ್ಟಿದ್ನಿ. ದಾಟಸೂ ದಾರಿನೂ ನನಗ ಗೊತ್ತಿರಲಿಲ್ಲ. ಬರೀ ಬಾಯಿ."

ಸಂಜೀವ ಅವ್ವನ ಸೆರಗು ಜಗ್ಗಿದ.

"ಉಸ್ತಾದ್ ಏನಂದ್ರಬೇ? ಕೇಳಾಕ ಬರವಲ್ದು."